ಆಫ್ರಿಕದ ರ‍್ಯಾಪ್ ಮತ್ತು ಗೀಗೀ ಮೇಳದ ವಾಗ್ವಾದ

ಹಿಪ್ ಹಾಪ್ ಪಾಶ್ಚಾತ್ಯ ನಗರಗಳ ಅನುಕರಣೆ ಮಾತ್ರ, ಅದು ಕನ್ನಡ ಅಧ್ಯಯನದ ವಸ್ತುವಲ್ಲ ಎಂಬ ಧೋರಣೆ ನಮ್ಮ ವಿದ್ವತ್ ವಲಯದಲ್ಲಿ ಇನ್ನೂ ಉಳಿದಿದೆ. ಆಫ್ರಿಕದ ಕಲಾವಿದರ ಅನುಭವವನ್ನು ಗಮನಿಸಿದರೆ ಈ ಧೋರಣೆ ಮರುಚಿಂತನೆಗೆ ಅರ್ಹವೆನಿಸುತ್ತದೆ.

1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೂಪುಗೊಂಡ ಈ ಸಂಸ್ಕೃತಿ ಮುಂದಿನ ದಶಕದಲ್ಲಿ ಆಫ್ರಿಕದ ನಗರಗಳನ್ನು ತಲುಪಿತು. ಆರಂಭದಲ್ಲಿ ಅಲ್ಲಿಯೂ ಅನುಕರಣೆಯೇ ಪ್ರಧಾನವಾಗಿತ್ತು. ಅದಕ್ಕೆ ತಿರುವು ದೊರೆತದ್ದು ಭಾಷೆಯಿಂದ. ಸೆನೆಗಲ್‌ನ ಡಕಾರಿನಲ್ಲಿ 1989ರಲ್ಲಿ ಹುಟ್ಟಿದ ಪಾಸಿಟಿವ್ ಬ್ಲ್ಯಾಕ್ ಸೋಲ್ ತಂಡ ಫ್ರೆಂಚ್ ಮತ್ತು ಇಂಗ್ಲಿಷ್‌ಗಳೊಂದಿಗೆ ವೊಲೊಫ್ ಭಾಷೆಯಲ್ಲೂ ಹಾಡಿತು. ಘಾನಾದ ರೆಜಿ ರಾಕ್‌ಸ್ಟೋನ್ 1990ರ ದಶಕದಲ್ಲಿ ತ್ವಿ ಭಾಷೆಯಲ್ಲಿ ರ‍್ಯಾಪ್ ಮಾಡಿದರು; ಹಿಪ್‌ಲೈಫ್ ಎಂಬ ಪ್ರಕಾರ ಬೆಳೆಯಿತು. ಸೆನೆಗಲ್‌ನ ಗಾಯಕರು ತಮ್ಮ ರ‍್ಯಾಪನ್ನು ತಾಸು ಎಂಬ ಲಯಬದ್ಧ ಮೌಖಿಕ ಕಾವ್ಯದ ಮುಂದುವರಿಕೆಯೆಂದು ಗುರುತಿಸಿಕೊಂಡರು. 2011ರಲ್ಲಿ ಅಲ್ಲಿನ ರ‍್ಯಾಪ್ ಗಾಯಕರು ಮತ್ತು ಪತ್ರಕರ್ತರು ಕೂಡಿ ಕಟ್ಟಿದ ಚಳವಳಿ ಯುವಜನರನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿಯಿತು. ಹೊರಗಿನಿಂದ ಬಂದ ರೂಪ ಹೀಗೆ ಒಳಗಿನ ಸತ್ವವನ್ನು ಪಡೆಯಿತು.

ಈ ಹಿನ್ನೆಲೆಯಲ್ಲಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸಂಗೊಳ್ಳಿ, ದೊಡವಾಡಗಳ ಸೀಮೆಯನ್ನು ನೋಡಬಹುದು. ಇದು ಲಾವಣಿಯ ನೆಲ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವಿದೆ, ಸರಕಾರದ ಆದಾಯ ತೆರಿಗೆಯೂ ಇದೆ. ಸಮಕಾಲೀನ ಅಧಿಕಾರವನ್ನು ಹಾಡಿನಲ್ಲಿ ಪ್ರಶ್ನಿಸುವುದು ಇಲ್ಲಿ ಹೊಸದಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಗೀಗೀ ಮೇಳಗಳಲ್ಲಿ ಒಂದು ಪಕ್ಷ ಪುರುಷನ, ಇನ್ನೊಂದು ಪ್ರಕೃತಿಯ ಹಿರಿಮೆಯನ್ನು ಸಾಧಿಸುತ್ತದೆ. ದಪ್ಪು, ತುಂತುಣಿ, ತಾಳಗಳ ಗತಿಯಲ್ಲಿ ಎದುರಾಳಿಯ ಪ್ರಶ್ನೆಗೆ ಸಭೆಯ ಮುಂದೆ ಉತ್ತರ ಕೊಡಬೇಕು.

ಇದರಿಂದ ‘ರ‍್ಯಾಪ್ ನಮ್ಮಲ್ಲಿ ಮೊದಲೇ ಇತ್ತು’ ಎಂದು ಸಾರುವುದು ಅವಸರದ ತೀರ್ಮಾನವಾದೀತು. ರ‍್ಯಾಪ್ ಸ್ಪರ್ಧೆಯಲ್ಲಿ ಗಾಯಕನ ವೈಯಕ್ತಿಕ ಪ್ರತಿಭೆಯೇ ಪಣ; ಗೀಗೀಯಲ್ಲಿ ಮೇಳ ಒಂದು ತತ್ತ್ವಪಕ್ಷವನ್ನು ವಹಿಸಿ ವಾದಿಸುತ್ತದೆ. ಹೋಲಿಕೆ ಫಲಕಾರಿಯಾಗುವುದು ಮೂಲದ ಹುಡುಕಾಟದಲ್ಲಲ್ಲ, ಪ್ರಯೋಗದ ವಿಶ್ಲೇಷಣೆಯಲ್ಲಿ: ಸವಾಲು ಹೇಗೆ ಹುಟ್ಟುತ್ತದೆ, ಪ್ರಾಸ ಹೇಗೆ ಉತ್ತರವನ್ನು ಎಳೆದು ತರುತ್ತದೆ, ಕೇಳುಗರು ಗೆಲುವನ್ನು ಹೇಗೆ ನಿರ್ಣಯಿಸುತ್ತಾರೆ?

ಇಲ್ಲಿಯೇ ನಮ್ಮ ಜಾನಪದ ಅಧ್ಯಯನದ ಕೊರತೆ ಕಾಣುತ್ತದೆ. ಸಂಪಾದಿತ ಸಂಕಲನಗಳಲ್ಲಿ ಹಾಡಿನ ಪಠ್ಯ ಉಳಿದಿದೆ. ಆ ಹಾಡು ಯಾರ ಯಾವ ಪ್ರಶ್ನೆಗೆ ಉತ್ತರವಾಗಿತ್ತೆಂಬುದು ಬಹುಮಟ್ಟಿಗೆ ಕಳೆದುಹೋಗಿದೆ. ಹಿರಿಯ ಮೇಳಗಾರರು ಇರುವಾಗಲೇ ಇಡೀ ರಾತ್ರಿಯ ವಾಗ್ವಾದಗಳನ್ನು ಅನುಕ್ರಮ ಸಹಿತ ಧ್ವನಿಮುದ್ರಿಸಬೇಕು. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಜನಪ್ರಿಯವಾದ ಕನ್ನಡ ರ‍್ಯಾಪನ್ನೂ ಇದೇ ಮಾನದಂಡಗಳಿಂದ ಪರೀಕ್ಷಿಸಬೇಕು. ಅದರಲ್ಲಿ ಅನುಕರಣೆ ಎಷ್ಟು, ಕನ್ನಡದ ಮಾತಿನ ಲಯ ಎಷ್ಟು ಎಂಬುದನ್ನು ತಿರಸ್ಕಾರ ನಿರ್ಧರಿಸಲಾರದು. ಅಧ್ಯಯನ ಮಾತ್ರ ನಿರ್ಧರಿಸಬಲ್ಲದು.