ಗದ್ದಲದ ಲೆಕ್ಕ

ಮೂರು ದಶಕಗಳಿಂದ ಚಿಟಗುಪ್ಪ, ಹುಮನಾಬಾದ ಭಾಗದ ವ್ಯಾಪಾರಿ ಬಂಧುಗಳಿಗೆ ಲೆಕ್ಕಪರಿಶೋಧಕನಾಗಿ ಸಲಹೆ ನೀಡುತ್ತ ಬಂದಿದ್ದೇನೆ. ಅವುಗಳಲ್ಲಿ ಒಂದು ಸಲಹೆ ತಪ್ಪಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಅಡತಿ ಅಂಗಡಿಯಲ್ಲಿ ತರುಣನೊಬ್ಬ ಲೆಕ್ಕ ಬರೆಯುತ್ತಿದ್ದ. ಅವನ ಖಾತೆಗಳಲ್ಲಿ ಪೈಸೆಯ ವ್ಯತ್ಯಾಸವೂ ಸಿಗುತ್ತಿರಲಿಲ್ಲ. ಆದರೆ ತೊಗರಿಯ ಹಂಗಾಮು ಬಂದೊಡನೆ ಹರಾಜಿನ ಕೂಗು, ಹಮಾಲರ ಗಲಾಟೆ, ಬಿಡುವಿಲ್ಲದ ಫೋನು, ಗುಂಯ್‌ಗುಡುವ ಟ್ಯೂಬ್‌ಲೈಟು ಇವುಗಳ ನಡುವೆ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ. 'ಇವನಿಂದಾಗದು, ಬೇರೆಯವರನ್ನು ನೋಡಿರಿ' ಎಂದು ಮಾಲೀಕರಿಗೆ ಹೇಳಿದವನು ನಾನೇ. ಅವನಿಗೆ ಸ್ವಲೀನತೆ, ಅಂದರೆ ಆಟಿಸಂ, ಇರುವುದು ಅನಂತರ ಅವನ ತಂದೆಯವರಿಂದ ತಿಳಿಯಿತು. ನಾವು ಗಮನಿಸದೇ ಬಿಡುವ ಸದ್ದು ಅಂಥವರಲ್ಲಿ ಹಲವರಿಗೆ ಏಟಿನಂತೆ ತಾಗುತ್ತದೆ. ನಾನು ಅದನ್ನು ಉದ್ಧಟತನವೆಂದು ತಿಳಿದಿದ್ದೆ.

ಇಂದು ಅವನು ನನ್ನ ಕಚೇರಿಯ ಹಿಂದಿನ ಕೋಣೆಯಲ್ಲಿ ಕುಳಿತು ಕೆಲಸ ಮಾಡುತ್ತಾನೆ. ಟ್ಯೂಬ್‌ಲೈಟು ತೆಗೆಸಿ ಮಂದ ಬೆಳಕಿನ ಎಲ್‌ಇಡಿ ಹಾಕಿಸಿದೆ. ಕಿಟಕಿಗೆ ದಪ್ಪ ಪರದೆ. ಕೆಲಸವನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದುಕೊಡುತ್ತೇವೆ. ಕಕ್ಷಿದಾರರು ಬರುವ ಮುನ್ನ, ಬೆಳಿಗ್ಗೆ ಎಂಟಕ್ಕೇ ಬರುತ್ತಾನೆ. ಒಟ್ಟು ವೆಚ್ಚ ಮೂರು ಸಾವಿರ ರೂಪಾಯಿ ಮೀರಲಿಲ್ಲ. ಹಳೆಯ ಫ್ಯಾನನ್ನೂ ಬದಲಿಸಲು ಹೊರಟಿದ್ದೆ. ಅದರ ಸದ್ದು ತನಗೆ ಹಿತವೆಂದು ಅವನೇ ತಡೆದ! ಕೇಳದೆ ಖರ್ಚು ಮಾಡಬಾರದೆಂಬುದು ಇಲ್ಲಿಯೂ ನಿಜ.

ಇದು ಬೆಂಗಳೂರಿನ ಕಂಪನಿಗಳ ಮಾತೆಂದು ಕೆಲವರು ಹೇಳಿಯಾರು. ಸ್ಯಾಪ್ ಸಂಸ್ಥೆ ಆಟಿಸಂ ಇರುವವರನ್ನು ತಂತ್ರಾಂಶ ಪರೀಕ್ಷೆಗೆ ನೇಮಿಸಿಕೊಳ್ಳತೊಡಗಿದ್ದು ಅಲ್ಲಿಯೇ, ನಿಜ. ಆದರೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮಕ್ಕೆ ಊರು ದೊಡ್ಡದೋ ಸಣ್ಣದೋ ಎಂಬ ಭೇದವಿಲ್ಲ. ಅದು ಗುರುತಿಸಿದ 21 ವಿಧಗಳಲ್ಲಿ ಸ್ವಲೀನತೆಯೂ ಒಂದು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ತನ್ನ ಸಮಾನ ಅವಕಾಶ ನೀತಿಯಲ್ಲಿ ಸೌಲಭ್ಯಗಳನ್ನೂ ಸೂಕ್ತ ಹುದ್ದೆಗಳನ್ನೂ ಕಾಣಿಸಬೇಕೆಂದು 2017ರ ನಿಯಮಗಳು ಹೇಳುತ್ತವೆ. ನಾನು ನೋಡಿದ ಕೆಲವು ನೀತಿಗಳಲ್ಲಿ ಇಳಿಜಾರು ದಾರಿಯ ಪ್ರಸ್ತಾಪವಿದೆ, ಸದ್ದು ಬೆಳಕುಗಳ ಮಾತೇ ಇಲ್ಲ.

ಮಾರುಕಟ್ಟೆಯ ಗದ್ದಲ ನಿಲ್ಲಿಸಲಾಗದೆಂಬುದು ಸರಿಯೇ. ಆದರೆ ಲೆಕ್ಕದ ಮೇಜು ತೂಕದ ಕಟ್ಟೆಯ ಪಕ್ಕದಲ್ಲೇ ಏಕಿರಬೇಕು? ಮಾಲೀಕರ ಕಣ್ಣಿಗೆ ಬೀಳಲೆಂದು ಮಾತ್ರ. ಮೇಜನ್ನು ಒಳಕೋಣೆಗೆ ಸರಿಸುವ ಈ ವಿಷಯವನ್ನು, ಡಿಸೆಂಬರಿನಲ್ಲಿ ತೊಗರಿ ಬರತೊಡಗುವ ಮೊದಲೇ, ಸದಸ್ಯರ ಸಭೆಯಲ್ಲಿ ಚರ್ಚೆಗಿಡಬೇಕೆಂದು ಅಧ್ಯಕ್ಷರಿಗೆ ಪತ್ರ ಬರೆದಿದ್ದೇನೆ.