ಎಣ್ಣೆ ಬದಲಿಸುವ ಮುನ್ನ

ಮುಂಗಾರು ಸಮೀಪಿಸಿತೆಂದರೆ ಮಲೆನಾಡಿನ ಹಳೆಯ ಡೀಸೆಲ್ ಕಾರು, ಜೀಪುಗಳಿಗೆ ಎಂಜಿನ್ ಎಣ್ಣೆ ಬದಲಿಸುವ ಕಾಲ. ಇಪ್ಪತ್ತು ವರ್ಷ ದುಡಿದ ಗಾಡಿಗೆ ಸಿಂಥೆಟಿಕ್ ಎಣ್ಣೆ ಹಾಕಬಹುದೇ, ಅದು ಪರಿಸರಕ್ಕೂ ಹಿತವೆಂಬುದು ನಿಜವೇ ಎಂದು ಹಲವರು ಕೇಳುತ್ತಿದ್ದಾರೆ. ನಮ್ಮ ಮನೆಯಲ್ಲೂ ಅಂಥದೊಂದು ಜೀಪು ಇರುವುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಸಾಮಾನ್ಯ ಎಣ್ಣೆಯು ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದದ್ದು. ಅದರಲ್ಲಿ ಹಲವು ಗಾತ್ರದ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್ ಎಣ್ಣೆಯ ಅಣುಗಳನ್ನು ರಾಸಾಯನಿಕ ಕ್ರಿಯೆಯಿಂದ ಬಹುಮಟ್ಟಿಗೆ ಏಕರೂಪಕ್ಕೆ ತಂದಿರುತ್ತಾರೆ. ಆದುದರಿಂದ ಅದು ಶಾಖಕ್ಕೆ ಬೇಗ ಕೆಡದು, ಕಡಿಮೆ ಆವಿಯಾಗುತ್ತದೆ, ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಹೊರೆ ಹೊತ್ತು ಘಾಟಿ ಹತ್ತುವ ಎಂಜಿನ್ನಿಗೆ ಮೊದಲೆರಡು ಗುಣಗಳು ಉಪಕಾರಿ. ಮೂರನೆಯದು ಹಿಮ ಬೀಳುವ ನಾಡಿಗೆ ಬೇಕಾದದ್ದು. ನಮ್ಮ ಮಾಗಿಯ ಚಳಿಗೆ 15ಡಬ್ಲ್ಯೂ-40 ದರ್ಜೆಯ ಸಾಮಾನ್ಯ ಎಣ್ಣೆಯೇ ಸಾಕು.

ಆದರೆ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕೆಡುವುದು ಶಾಖದಿಂದ ಮಾತ್ರವಲ್ಲ. ಉರಿದ ಇಂಧನದ ಮಸಿ, ಆಮ್ಲ ಮತ್ತು ಉರಿಯದೆ ಉಳಿದ ಡೀಸೆಲ್ ಅದರೊಳಗೆ ಇಳಿಯುತ್ತವೆ. ಪಿಸ್ಟನ್ ಉಂಗುರಗಳು ಸವೆದಿದ್ದರೆ ಇದು ಇನ್ನೂ ಹೆಚ್ಚು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ದೊರೆಯುವ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಇದರಿಂದ ಆಮ್ಲದ ಉಪಟಳ ತಗ್ಗಿದೆ, ಮಸಿಯದು ತಗ್ಗಿಲ್ಲ. ಆದ್ದರಿಂದ ಸಿಂಥೆಟಿಕ್ ಹಾಕಿದರೆ ದುಪ್ಪಟ್ಟು ದೂರ ಓಡಿಸಬಹುದೆಂಬ ಮಾತನ್ನು ಸವೆದ ಎಂಜಿನ್ನಿಗೆ ಕಣ್ಣುಮುಚ್ಚಿ ಅನ್ವಯಿಸಲಾಗದು.

ನಾವು ಕಂಡ ಇನ್ನೊಂದು ಸಂಗತಿಯಿದೆ. ಹೊಸ ಎಣ್ಣೆಯು ಒಳಗಿನ ಹಳೆಯ ಜಿಡ್ಡನ್ನು ತೊಳೆಯುತ್ತದೆ. ಗಡುಸಾದ ರಬ್ಬರ್ ಸೀಲುಗಳ ಬಿರುಕನ್ನು ಅಷ್ಟು ವರ್ಷ ಮುಚ್ಚಿದ್ದುದು ಆ ಜಿಡ್ಡೇ! ಎಣ್ಣೆ ಬದಲಿಸಿದ ತಿಂಗಳೊಳಗೆ ನಮ್ಮ ಜೀಪಿನಡಿ ತೊಟ್ಟಿಕ್ಕತೊಡಗಿತು. ಮೊದಲ ಮಳೆಗೆ ಕೊಟ್ಟಿಗೆಯಿಂದ ಅಡಿಕೆ ತೋಟದ ಬಸಿಗಾಲುವೆಯವರೆಗೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಹರಡಿತ್ತು. ಮಣ್ಣಿನ ವಿಜ್ಞಾನ ಓದಿದವರ ಮನೆಯಂಗಳದ ಕಥೆಯಿದು.

ಎಣ್ಣೆ ಸಿಂಥೆಟಿಕ್ ಆಗಿರಲಿ, ಸಾಮಾನ್ಯದ್ದಾಗಿರಲಿ, ಒಮ್ಮೆ ಬಳಸಿದ ಮೇಲೆ ಎರಡೂ ವಿಷವೇ. ಅವುಗಳಲ್ಲಿ ಸವೆದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಸೇರಿರುತ್ತವೆ. ಎಣ್ಣೆಯ ಪೊರೆ ಮಣ್ಣಿನ ರಂಧ್ರಗಳನ್ನು ಮುಚ್ಚಿ ಬೇರಿಗೂ ಎರೆಹುಳುವಿಗೂ ಗಾಳಿ ಸಿಗದಂತೆ ಮಾಡುತ್ತದೆ. ನಮ್ಮಲ್ಲಾದರೋ ಈ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುತ್ತೇವೆ, ಮರ ಕೊಯ್ಯುವ ಗರಗಸದ ಸರಪಳಿಗೆ ಸುರಿಯುತ್ತೇವೆ, ಉಳಿದುದನ್ನು ಹಿತ್ತಿಲಿಗೆ ಚೆಲ್ಲುತ್ತೇವೆ. ಇಷ್ಟು ಮಳೆ ಸುರಿಯುವ ಸೀಮೆಯಲ್ಲಿ ಹಿತ್ತಿಲಿಗೆ ಚೆಲ್ಲಿದ್ದು ಹಿತ್ತಿಲಲ್ಲೇ ಉಳಿಯುವುದಿಲ್ಲ. ಅದು ಹಳ್ಳ ಸೇರುತ್ತದೆ, ಹಳ್ಳ ತುಂಗೆಯನ್ನೋ ಶರಾವತಿಯನ್ನೋ ಸೇರುತ್ತದೆ.

ಆದ್ದರಿಂದ ನಮ್ಮ ಸಲಹೆ ಸರಳ. ಮೊದಲು ಗಾಡಿಯಡಿ ರಟ್ಟು ಹಾಸಿ ಒಂದು ರಾತ್ರಿ ನೋಡಿ. ಸೋರುತ್ತಿದ್ದರೆ ಸಿಂಥೆಟಿಕ್ ಎಣ್ಣೆಗೆ ಕೊಡುವ ಹಣದಲ್ಲಿ ಸೀಲು ಬದಲಿಸಿ. ಸೋರದಿದ್ದರೆ ಹಾಕಬಹುದು, ಆದರೆ ಡಬ್ಬಿಯ ಮೇಲೆ ಡೀಸೆಲ್ ಎಂಜಿನ್ನಿನ ಗುರುತಾದ ಸಿಐ-4ರಂಥ ದರ್ಜೆಯಿರಲಿ. ಮೊದಲ ಸಲ ಎಣ್ಣೆಯನ್ನೂ ಫಿಲ್ಟರನ್ನೂ ಬೇಗನೆ ಬದಲಿಸಿ.

ತೆಗೆದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಿ. ಅದಕ್ಕೆ ನೀರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಬೆರೆಸದಿರಿ. ಅದನ್ನು ಮತ್ತೆ ಶುದ್ಧೀಕರಿಸಿ ಹೊಸ ಎಣ್ಣೆಗೆ ಮೂಲವಾಗಿ ಬಳಸಬಹುದು. 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾಗಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ನಿಯಮಗಳು ಈ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಿವೆ. ಆದರೆ ನಿಯಮವೊಂದು ತಾನಾಗಿ ಘಾಟಿ ಹತ್ತಿ ನಮ್ಮ ಊರಿಗೆ ಬಾರದು. ಊರಿಗೊಂದು ಪೀಪಾಯಿ ಇರಿಸಿ, ತುಂಬಿದಾಗ ಅಧಿಕೃತ ಮರುಸಂಸ್ಕರಣೆಗಾರರಿಗೆ ಒಪ್ಪಿಸುವ ವ್ಯವಸ್ಥೆಯನ್ನು ಗ್ರಾಮ ಪಂಚಾಯಿತಿ, ಸಹಕಾರ ಸಂಘಗಳಿಂದ ನಾವೇ ಕೇಳಿ ಪಡೆಯಬೇಕು.

ವಿದ್ಯಾರ್ಥಿ ಮಿತ್ರರು ಈ ರಜೆಯಲ್ಲಿ ತಮ್ಮೂರಿನ ಡೀಸೆಲ್ ಗಾಡಿಗಳೆಷ್ಟು, ವರ್ಷಕ್ಕೆ ತೆಗೆಯುವ ಎಣ್ಣೆ ಎಷ್ಟು ಲೀಟರು, ಅದು ಎಲ್ಲಿ ಹೋಗುತ್ತಿದೆ ಎಂದು ಬರೆದಿಡಲಿ. ಪಂಚಾಯಿತಿಯ ಮುಂದೆ ನಿಲ್ಲುವಾಗ ಆ ಲೆಕ್ಕ ನಮ್ಮ ಕೈಯಲ್ಲಿರಬೇಕು.