ಮನೆಯೆಂಬ ಪಾಠಶಾಲೆ

ಕುಣಿಗಲ್ ತಾಲ್ಲೂಕಿನ ಅಮೃತೂರಿನಂತಹ ಊರಿನಲ್ಲಿ ಕ್ರೈಸ್ತ ಕುಟುಂಬವೊಂದು ಸಂಜೆಯ ಪ್ರಾರ್ಥನೆಗೆ ಕುಳಿತಾಗ, ಬೈಬಲ್ ಓದುವ ಸರದಿ ಮಕ್ಕಳಿಗೂ ಬರಬಹುದು. ಅಕ್ಷರವೂ ಭಕ್ತಿಯೂ ಅಲ್ಲಿ ಒಟ್ಟಿಗೇ ಮೈಗೂಡುತ್ತವೆ. ಹಾಗಾದರೆ ಶಾಲೆಯೇ ಬೇಡವೆ? ಮನೆಯಲ್ಲೇ ಪೂರ್ಣ ವಿದ್ಯಾಭ್ಯಾಸ ಕೊಡಿಸುವ ತಂದೆತಾಯಿಗಳು ಬೆಂಗಳೂರಿನಂತಹ ನಗರಗಳಲ್ಲಿದ್ದಾರೆ.

6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ತಪ್ಪಿದವರಿಗೆ ದಂಡವನ್ನೇನೂ ವಿಧಿಸಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ದಾರಿಯೇನೋ ಇದೆ.

ತಾಯಿ ಗಣಿತ ಕಲಿಸಬಲ್ಲಳು. ಆದರೆ ಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಳ್ಳುವ, ಬೇರೊಂದು ದೇವರಿಗೆ ಕೈಮುಗಿಯುವ ಗೆಳೆಯನನ್ನು ತಂದುಕೊಡಬಲ್ಲಳೆ? ನೆರೆಯವರನ್ನು ಪ್ರೀತಿಸುವ ಪಾಠವನ್ನು ಮನೆಯಲ್ಲಿ ಓದಬಹುದು. ಅದರ ಅಭ್ಯಾಸಕ್ಕೆ ಮಾತ್ರ ನೆರೆಯವರೇ ಬೇಕು.